ಕಡಿಮೆ ಖರ್ಚಿನಲ್ಲಿ ಕ್ಲಾಟ್ ತಯಾರಿ: ನಿಮಗೆ ಒಗ್ಗುವ ದಾರಿ ಹುಡುಕುವುದು ಹೇಗೆ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಧಾರವಾಡದಲ್ಲಿ ಕೋಚಿಂಗ್ ಕ್ಲಾಸಿಗೆ ಬರವಿಲ್ಲ. ಸಪ್ತಾಪುರದಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಬ್ಯಾಂಕ್, ನೀಟ್ ಅಂತ ಬೋರ್ಡಿನ ಮೇಲೆ ಬೋರ್ಡು. ಆದರೆ ‘ಕ್ಲಾಟ್‌ಗೆ ಕ್ಲಾಸ್ ಐತೇನ್ರಿ ಸರ?’ ಎಂದು ಕೇಳಿ ನೋಡಿ. (ಕ್ಲಾಟ್ ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ.) ಕೆಲವರು ಬೆಂಗಳೂರಿನ ದಾರಿ ತೋರಿಸುತ್ತಾರೆ. ಕೆಲವರು ‘ಬರ್ರಿ, ನಾವೂ ಹೇಳಿಕೊಡ್ತೀವಿ’ ಎಂದು ಅಲ್ಲೇ ರಸೀದಿ ಪುಸ್ತಕ ತೆಗೆಯುತ್ತಾರೆ. ಮಗಳಿಗೆ ಲಾ ಓದಿಸಬೇಕು ಅಂತ ಗದಗದಿಂದಲೋ ಹಾವೇರಿಯಿಂದಲೋ ಬಂದ ಅಪ್ಪನಿಗೆ ಈ ಎರಡರಲ್ಲಿ ಯಾವುದು ಸರಿ ಅಂತ ಹೇಳುವವರು ಸಿಗುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಪರೀಕ್ಷೆಗೆ ಬೇಕಾದ ಬಹುಪಾಲು ಸಾಮಗ್ರಿ ಪುಕ್ಕಟೆ ಸಿಗುತ್ತದೆ. ನಿಮ್ಮೊಬ್ಬರಿಂದ ಆಗದ ಕೆಲಸ ಯಾವುದೋ ಅದಕ್ಕೆ ಮಾತ್ರ ರೊಕ್ಕ ಕೊಡಿ. ಅದು ಯಾವುದು ಅಂತ ಗೊತ್ತಾಗುವವರೆಗೆ ಯಾರಿಗೂ ಅಡ್ವಾನ್ಸ್ ಕಟ್ಟಬೇಡಿ.

ಹಂತ 1: ನಿಮಗೆ ಕ್ಲಾಟ್ ಬೇಕೇ ಬೇಕಾ?

ವಕೀಲರಾಗಲು ಕ್ಲಾಟ್ ಕಡ್ಡಾಯ ಅಲ್ಲ. ಇದನ್ನು ಕೋಚಿಂಗ್‌ನವರು ಹೇಳುವುದಿಲ್ಲ, ಹೇಳಿದರೆ ಅವರ ವ್ಯಾಪಾರ ನಡೆಯಬೇಕಲ್ಲ.

ಹುಬ್ಬಳ್ಳಿಯ ನವನಗರದಲ್ಲೇ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಶುರುವಾಗಿದ್ದು 2009ರಲ್ಲಿ. ರಾಜ್ಯದ ಲಾ ಕಾಲೇಜುಗಳು ಇದರಡಿ ಬರುತ್ತವೆ. ಹುಬ್ಬಳ್ಳಿಯ ಜಿ.ಕೆ. ಕಾನೂನು ಕಾಲೇಜು, ಸಕ್ರಿ ಕಾನೂನು ಕಾಲೇಜು, ಗದಗದ ಮಾನ್ವಿ ಕಾನೂನು ಕಾಲೇಜು ಎಲ್ಲ ಆ ಪಟ್ಟಿಯವೇ. ಇಲ್ಲಿ ಸೀಟು ಸಿಗುವುದು ನಿಮ್ಮ ಅಂಕದ ಮೇಲೆ, ಪ್ರವೇಶ ಪರೀಕ್ಷೆಯ ಮೇಲೆ ಅಲ್ಲ. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸು, ಡಿಗ್ರಿ ಮುಗಿಸಿದವರಿಗೆ ಮೂರು ವರ್ಷದ್ದು. ಸಾಮಾನ್ಯ ವರ್ಗಕ್ಕೆ ಶೇ 45 ಅಂಕ ಬೇಕು. ಹೈಕೋರ್ಟಿನ ಪೀಠ ಧಾರವಾಡಕ್ಕೆ ಬಂದು 2008ಕ್ಕೇ ಸಂಚಾರಿಯಾಗಿ ಕೆಲಸ ಶುರುಮಾಡಿತ್ತು, 2013ರಲ್ಲಿ ಕಾಯಂ ಆಯಿತು. ಊರಲ್ಲೇ ಪ್ರಾಕ್ಟೀಸ್ ಮಾಡಬೇಕು ಅನ್ನುವವರಿಗೆ ಈ ದಾರಿ ಏನೂ ಕಡಿಮೆಯದಲ್ಲ.

ಕ್ಲಾಟ್ ಬೇಕಾಗುವುದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಿ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಇವೆ. ದೆಹಲಿಯದ್ದು ಮಾತ್ರ ಐಲೆಟ್ ಅಂತ ತನ್ನದೇ ಪರೀಕ್ಷೆ ಮಾಡುತ್ತದೆ. ಇವುಗಳ ಫೀ ವರ್ಷಕ್ಕೆ ಲಕ್ಷಗಳ ಲೆಕ್ಕ. ಅಂದರೆ ಕೋಚಿಂಗ್ ಫೀ ಬರೀ ಶುರು. ಮನೆಯಲ್ಲಿ ಕೂತು ಐದು ವರ್ಷದ ಲೆಕ್ಕ ಹಾಕಿ, ಶಿಕ್ಷಣ ಸಾಲ ಎಷ್ಟು ಸಿಗಬಹುದು ಅಂತ ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ, ಆಮೇಲೆ ಮುಂದಿನ ಹಂತಕ್ಕೆ ಬನ್ನಿ.

ನಮ್ಮವರು ಮರೆಯಬಾರದ ಒಂದು ಸಂಗತಿ ಇದೆ. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಶೇ 25ರಷ್ಟು ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲು. ಕರ್ನಾಟಕದ ಶಾಲೆ-ಕಾಲೇಜಿನಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು, ಅಷ್ಟೇ.

ಹಂತ 2: ಪರೀಕ್ಷೆ ಏನು ಕೇಳುತ್ತದೆ ಅಂತ ತಿಳಿಯಿರಿ

120 ಪ್ರಶ್ನೆ, ಎರಡು ತಾಸು. ಕಂಪ್ಯೂಟರ್ ಇಲ್ಲ, ಪೆನ್ನು ಹಿಡಿದು ಓಎಂಆರ್ ಹಾಳೆ ತುಂಬುವುದು. ಸರಿಯಾದರೆ ಒಂದು ಅಂಕ, ತಪ್ಪಾದರೆ ಕಾಲು ಅಂಕ ಕಟ್. ಪ್ರಚಲಿತ ವಿದ್ಯಮಾನ ಮತ್ತು ಲೀಗಲ್ ರೀಸನಿಂಗ್ (ಕೊಟ್ಟ ಕಾನೂನು ನಿಯಮವನ್ನು ಒಂದು ಸಂದರ್ಭಕ್ಕೆ ಹಚ್ಚಿ ನೋಡುವುದು) ಎರಡಕ್ಕೂ ತಲಾ 28ರಿಂದ 32 ಪ್ರಶ್ನೆ. ಇಂಗ್ಲಿಷ್ ಮತ್ತು ಲಾಜಿಕಲ್ ರೀಸನಿಂಗ್‌ಗೆ ತಲಾ 22ರಿಂದ 26. ಗಣಿತಕ್ಕೆ 10ರಿಂದ 14. ಗಣಿತ ಹತ್ತನೇ ತರಗತಿ ಮಟ್ಟದ್ದು. ಶೇಕಡಾವಾರು, ಅನುಪಾತ, ಸರಾಸರಿ, ಒಂದು ಗ್ರಾಫು, ಒಂದು ಕೋಷ್ಟಕ. ಹೆದರುವಂಥದ್ದಲ್ಲ.

ಎಲ್ಲವೂ ಇಂಗ್ಲಿಷಿನಲ್ಲಿ. ಮತ್ತು ಎಲ್ಲವೂ ಪ್ಯಾಸೇಜ್ ಓದಿ ಉತ್ತರಿಸುವಂಥದ್ದು. ಈ ಮಾದರಿ ಬಂದದ್ದು 2020ರ ಕ್ಲಾಟ್‌ನಿಂದ. 150 ಇದ್ದ ಪ್ರಶ್ನೆಗಳು 120ಕ್ಕೆ ಇಳಿದದ್ದು 2024ರ ಕ್ಲಾಟ್‌ನಿಂದ. ಹಳೇ ಪುಸ್ತಕ ಕೊಳ್ಳುವವರಿಗೆ ಈ ಎರಡು ಇಸವಿ ಬಾಯಿಪಾಠ ಇರಬೇಕು. 2020ಕ್ಕಿಂತ ಹಿಂದಿನ ಗೈಡು ಅರ್ಧ ಬೆಲೆಗೆ ಸಿಕ್ಕರೂ ಬೇಡ. ಅದರಲ್ಲಿ ಒಂದೊಂದು ಸಾಲಿನ ಜನರಲ್ ನಾಲೆಜ್ ಪ್ರಶ್ನೆಗಳೇ ತುಂಬಿರುತ್ತವೆ. ಅಂಥವು ಈಗ ಬರುವುದಿಲ್ಲ.

ಹಂತ 3: ರೊಕ್ಕ ಕೊಡುವ ಮೊದಲು ಒಂದು ಹಳೇ ಪೇಪರ್ ಬರೆಯಿರಿ

ಕ್ಲಾಟ್ ನಡೆಸುವ, ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕನ್ಸಾರ್ಷಿಯಂನ ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಪ್ರಶ್ನೆಪತ್ರಿಕೆ, ಉತ್ತರ ಎರಡೂ ಪುಕ್ಕಟೆ. ಒಂದನ್ನು ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲೇ ನೋಡಿ ಬರೆಯುತ್ತೇನೆ ಅನ್ನಬೇಡಿ, ಓದುವ ವೇಗ ಬೇರೆಯೇ ಆಗುತ್ತದೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಕೂತು ನಾಲ್ಕಕ್ಕೆ ಏಳಿ. ನಡುವೆ ಚಹಾ ಇಲ್ಲ, ಫೋನ್ ಇಲ್ಲ. ಏನೂ ಓದದೆ ಹೇಗೆ ಬರೆಯೋದು ಅಂತ ಅನ್ನಿಸಬಹುದು. ಹಾಗೇ ಬರೆಯಬೇಕು. ಜ್ವರ ಎಷ್ಟಿದೆ ಅಂತ ನೋಡದೆ ಮಾತ್ರೆ ನುಂಗುವವರಿಲ್ಲ, ಅಲ್ವಾ?

ಮರುದಿನ ಇನ್ನೊಂದು ಅಳತೆ. ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ತಗೊಳ್ಳಿ. ಒಂದು ಸಾಲಿನಲ್ಲಿ ಎಷ್ಟು ಪದ, ಒಟ್ಟು ಎಷ್ಟು ಸಾಲು ಅಂತ ಎಣಿಸಿ ಒಟ್ಟು ಪದಗಳ ಅಂದಾಜು ಹಾಕಿ. ಗಡಿಯಾರ ಇಟ್ಟು ಒಮ್ಮೆ ಓದಿ. ಓದಿದ ಮೇಲೆ ಲೇಖಕ ಏನು ಹೇಳುತ್ತಿದ್ದಾನೆ ಅಂತ ಕನ್ನಡದಲ್ಲಿ ಎರಡು ವಾಕ್ಯ ಬರೆಯಿರಿ. ಬರೆಯಲಾಗದಿದ್ದರೆ ಓದಿದ್ದು ಲೆಕ್ಕಕ್ಕಿಲ್ಲ.

ಈಗ ಗಣಿತ ಮಾಡಿ. ಕ್ಲಾಟ್‌ನ ಪ್ಯಾಸೇಜು ಹೆಚ್ಚುಕಡಿಮೆ 450 ಪದದ್ದು. ಎಲ್ಲ ಸೇರಿ 10 ಸಾವಿರ ಪದದ ಆಸುಪಾಸು. ನಿಮಿಷಕ್ಕೆ 100 ಪದ ಓದುವವನಿಗೆ ಪ್ಯಾಸೇಜು ಮುಗಿಸಲಿಕ್ಕೇ 100 ನಿಮಿಷ ಬೇಕು. ಉಳಿದ 20 ನಿಮಿಷದಲ್ಲಿ 120 ಪ್ರಶ್ನೆ! ನಿಮಿಷಕ್ಕೆ 200 ಪದ ಓದುವವಳಿಗೆ 50 ನಿಮಿಷ ಸಾಕು, ಕೈಯಲ್ಲಿ 70 ನಿಮಿಷ ಉಳಿಯುತ್ತದೆ. ಇಬ್ಬರಿಗೂ ಒಂದೇ ಕ್ಲಾಸು, ಒಂದೇ ಫೀ ಹೇಗೆ ಸರಿಹೋಗುತ್ತದೆ ಹೇಳಿ. ಮೊದಲನೆಯವನಿಗೆ ಲೀಗಲ್ ರೀಸನಿಂಗ್ ಟ್ರಿಕ್ಸ್ ಬೇಕಿಲ್ಲ, ಇಂಗ್ಲಿಷ್ ಓದು ಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದೇ ದೊಡ್ಡ ಗೋಡೆ. ದಾಟಲು ಒಂದು ಸುಲಭ ದಾರಿ ಇದೆ, ಖರ್ಚು ಎರಡು ಪತ್ರಿಕೆಯದ್ದು. ಗ್ರಂಥಾಲಯಕ್ಕೆ ಹೋದರೆ ಅದೂ ಇಲ್ಲ. ಬೆಳಿಗ್ಗೆ ಸಂಯುಕ್ತ ಕರ್ನಾಟಕವನ್ನೋ ಪ್ರಜಾವಾಣಿಯನ್ನೋ ಓದಿ. ಅದರಲ್ಲಿ ಬಂದ ದೊಡ್ಡ ಸುದ್ದಿ ಒಂದನ್ನು ಆರಿಸಿ, ಸುಪ್ರೀಂ ಕೋರ್ಟ್ ತೀರ್ಪು, ಬಜೆಟ್ಟು, ಮಹದಾಯಿ, ಏನಾದರೂ ಸರಿ. ಅದೇ ಸುದ್ದಿಯನ್ನು ಕೂಡಲೇ ಡೆಕ್ಕನ್ ಹೆರಾಲ್ಡಿನಲ್ಲೋ ಹಿಂದೂ ಪತ್ರಿಕೆಯಲ್ಲೋ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಗೊತ್ತಿಲ್ಲದ ಪದದ ಅರ್ಥ ಡಿಕ್ಷನರಿ ಇಲ್ಲದೆಯೇ ಅರ್ಧ ತಿಳಿಯುತ್ತದೆ. ಪ್ರಚಲಿತ ವಿದ್ಯಮಾನದ ತಯಾರಿಯೂ ಅಲ್ಲೇ ಆಗುತ್ತದೆ. ಮೊದಲ ತಿಂಗಳು ಬೇಜಾರು ಬರುತ್ತದೆ. ಬಿಡಬೇಡಿ.

ಹಂತ 4: ತಪ್ಪುಗಳನ್ನು ಜಾತಿವಾರು ವಿಂಗಡಿಸಿ

ಬರೆದ ಪೇಪರಿನ ಒಟ್ಟು ಅಂಕ ಸದ್ಯಕ್ಕೆ ಮುಖ್ಯ ಅಲ್ಲ. ತಪ್ಪು ಹೇಗೆ ಆಯಿತು ಅನ್ನುವುದು ಮುಖ್ಯ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಐದು ಕಂಬ ಎಳೆಯಿರಿ: ವೇಳೆ ಸಾಲಲಿಲ್ಲ, ಇಂಗ್ಲಿಷ್ ಅರ್ಥವಾಗಲಿಲ್ಲ, ಅವಸರದಲ್ಲಿ ತಪ್ಪು ಓದಿದೆ, ವಿಷಯ ಗೊತ್ತಿರಲಿಲ್ಲ, ನನ್ನ ತಲೆ ಓಡಿಸಿದೆ. ಪ್ರತಿ ತಪ್ಪಿಗೂ ಯಾವುದಾದರೂ ಒಂದು ಕಂಬದಲ್ಲಿ ಒಂದು ಗೆರೆ.

ಕೊನೆಯ ಕಂಬ ಏನು ಅಂತ ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಪ್ಯಾಸೇಜಿನಲ್ಲಿ ಹೀಗೊಂದು ನಿಯಮ ಕೊಟ್ಟಿದ್ದಾರೆ ಅಂದುಕೊಳ್ಳಿ: ಅಂಗಡಿಯಲ್ಲಿ ಬೆಲೆ ಹಚ್ಚಿ ಸಾಮಾನು ಇಟ್ಟರೆ ಅದು ಮಾರುವ ಪ್ರಸ್ತಾಪ ಅಲ್ಲ, ಪ್ರಸ್ತಾಪ ಮಾಡಿ ಅಂತ ಗಿರಾಕಿಗೆ ಕೊಟ್ಟ ಆಹ್ವಾನ ಮಾತ್ರ. ಪ್ರಶ್ನೆ ಹೀಗೆ: ದುರ್ಗದಬೈಲಿನ ಅಂಗಡಿಯಲ್ಲಿ ಇಳಕಲ್ ಸೀರೆಗೆ 900 ರೂಪಾಯಿ ಚೀಟಿ ಇದೆ. ಗಿರಾಕಿ 900 ಎಣಿಸಿ ಕೊಟ್ಟಳು. ಅಂಗಡಿಯವನು ‘ಚೀಟಿ ತಪ್ಪಾಗೇತ್ರಿ ಅಕ್ಕಾರ, ಇದು 1900ದ್ದು’ ಅಂದ. 900ಕ್ಕೆ ಕೊಡಲೇಬೇಕು ಅಂತ ಒಪ್ಪಂದದ ಪ್ರಕಾರ ಅವಳು ಒತ್ತಾಯ ಮಾಡಬಹುದಾ?

ನಮ್ಮ ಮನಸ್ಸು ತಕ್ಷಣ ‘ಕೊಡಲೇಬೇಕು, ಇದು ಮೋಸ’ ಅನ್ನುತ್ತದೆ. ಆದರೆ ಕೊಟ್ಟ ನಿಯಮದ ಪ್ರಕಾರ ಪ್ರಸ್ತಾಪ ಬಂದದ್ದು ಗಿರಾಕಿಯಿಂದ, ಅಂಗಡಿಯವನು ಒಪ್ಪಲಿಲ್ಲ, ಒಪ್ಪಂದ ಆಗಲಿಲ್ಲ. ಉತ್ತರ: ಆಗುವುದಿಲ್ಲ. ಈ ನಿಯಮ 1953ರ ಇಂಗ್ಲೆಂಡಿನ ಬೂಟ್ಸ್ ಪ್ರಕರಣದ್ದು, ಲಾ ಓದಿದವರಿಗೆಲ್ಲ ಗೊತ್ತು. ಆದರೆ ಉತ್ತರ ಬರೆಯಲು ಆ ಪ್ರಕರಣ ಗೊತ್ತಿರಬೇಕಾಗಿಲ್ಲ. ಗ್ರಾಹಕ ಕಾನೂನು ಬೇರೆ ಏನೋ ಹೇಳಬಹುದು, ಅದನ್ನೂ ಇಲ್ಲಿ ತರಬಾರದು. ಪ್ಯಾಸೇಜು ಹೇಳಿದ್ದೇ ಕಾನೂನು. ಮನೆಯಲ್ಲಿ ವಾದ ಮಾಡಿ ಗೆಲ್ಲುವ ಹುಡುಗರೇ ಇಂಥ ಪ್ರಶ್ನೆಯಲ್ಲಿ ಜಾಸ್ತಿ ಬೀಳುತ್ತಾರೆ!

ಹಂತ 5: ನಿಮಗೆ ಓದು ಹೇಗೆ ಹತ್ತುತ್ತದೆ?

‘ನೀವು ನೋಡಿ ಕಲಿಯುವವರಾ, ಕೇಳಿ ಕಲಿಯುವವರಾ?’ ಅಂತ ಹತ್ತು ಪ್ರಶ್ನೆ ಕೇಳಿ ನಿಮ್ಮ ಜಾತಕ ಹೇಳುವ ಆ್ಯಪುಗಳಿವೆ. ಕೆಲವು ಕೋಚಿಂಗ್‌ನವರೂ ಅಡ್ಮಿಷನ್ ವೇಳೆ ಇದನ್ನು ಮಾಡಿಸುತ್ತಾರೆ. ನಂಬಬೇಡಿ. 2008ರಲ್ಲಿ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಅಮೆರಿಕದ ಮನಃಶಾಸ್ತ್ರಜ್ಞರು ಈ ವಿಷಯದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದರು. ಶೈಲಿಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ. ಅದೂ ಅಲ್ಲದೆ ಪರೀಕ್ಷೆ ಇರುವುದು ಓದಿ ಬರೆಯುವ ರೂಪದಲ್ಲೇ. ಕೇಳಿ ಕಲಿಯುವವನೂ ಡಿಸೆಂಬರಿನ ಪರೀಕ್ಷೆಯಲ್ಲಿ ಓದಲೇಬೇಕು.

ಬೇರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರೂ ಹೇಳದಿದ್ದರೂ ದಿನಾ ಅದೇ ಹೊತ್ತಿಗೆ ಓದಲು ಕೂರುತ್ತೀರಾ? ತಪ್ಪಾದ ಲೆಕ್ಕವನ್ನು ಮತ್ತೆ ತೆಗೆದು ನೋಡುವ ಅಭ್ಯಾಸ ಇದೆಯಾ? ಇಂಗ್ಲಿಷಿನಲ್ಲಿ ವೇಗವಾಗಿ ಹೇಳುವ ಪಾಠವನ್ನು ನಿಲ್ಲಿಸದೆ ಕೇಳಬಲ್ಲಿರಾ?

ಮೂರಕ್ಕೂ ಹೌದು ಅಂದರೆ ನಿಮಗೆ ಕ್ಲಾಸು ಬೇಕಿಲ್ಲ. ಹಳೇ ಪೇಪರು, ಪತ್ರಿಕೆ, ಒಂದು ಮಾಕ್ ಟೆಸ್ಟ್ ಸರಣಿ, ಮುಗಿಯಿತು. ಮೊದಲನೆಯದಕ್ಕೆ ಇಲ್ಲ ಅಂದರೆ ರೆಕಾರ್ಡ್ ಮಾಡಿದ ವಿಡಿಯೋ ಕೋರ್ಸ್ ಎಷ್ಟೇ ಅಗ್ಗ ಇದ್ದರೂ ಬೇಡ. ‘ನಾಳೆ ನೋಡೋಣ’ ಅಂತ ಬಿಟ್ಟ ವಿಡಿಯೋಗಳು ಹಾಗೇ ಉಳಿಯುತ್ತವೆ. ನಿಮಗೆ ಹಾಜರಿ ತೆಗೆದುಕೊಳ್ಳುವ ಲೈವ್ ಕ್ಲಾಸು ಬೇಕು, ಅಥವಾ ಜತೆಗೆ ಓದುವ ಇಬ್ಬರು ಗೆಳೆಯರು. ಎರಡನೆಯದಕ್ಕೆ ಇಲ್ಲ ಅಂದರೆ ನಿಮ್ಮ ಪೇಪರನ್ನು ಮುಂದಿಟ್ಟುಕೊಂಡು ‘ಇದನ್ಯಾಕೆ ಆರಿಸಿದಿ?’ ಅಂತ ಕೇಳುವವರಿಗೆ ರೊಕ್ಕ ಕೊಡುವುದು ಸಾರ್ಥಕ. ಮೂರನೆಯದಕ್ಕೆ ಇಲ್ಲ ಅಂದರೆ ಲಾ ಕೋಚಿಂಗ್ ಮೊದಲು ಬೇಡವೇ ಬೇಡ. ಊರಿನಲ್ಲೇ ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ಇದ್ದರೆ ಮೂರು-ನಾಲ್ಕು ತಿಂಗಳು ಅವರ ಹತ್ತಿರ ಪ್ಯಾಸೇಜು ಓದಿ. ವ್ಯಾಕರಣ ಅಲ್ಲ, ಪ್ಯಾಸೇಜು.

ಹಂತ 6: ಪುಕ್ಕಟೆಯಿಂದ ಶುರುಮಾಡಿ ಮೇಲಕ್ಕೆ ಹೋಗಿ

ಪುಕ್ಕಟೆ ಸಿಗುವುದು ಏನೇನು? ಕನ್ಸಾರ್ಷಿಯಂನ ಹಳೇ ಪೇಪರು ಮತ್ತು ಮಾದರಿ ಪ್ರಶ್ನೆ. ಗಣಿತಕ್ಕೆ ಎಂಟರಿಂದ ಹತ್ತರವರೆಗಿನ ಎನ್‌ಸಿಇಆರ್‌ಟಿ ಪುಸ್ತಕ, ಅದರ ವೆಬ್‌ಸೈಟಿನಲ್ಲೇ ಪಿಡಿಎಫ್ ಇದೆ. ಯೂಟ್ಯೂಬಿನಲ್ಲಿ ಪಾಠಗಳು ರಾಶಿ ಇವೆ. ಆದರೆ ಒಬ್ಬರನ್ನು ಆರಿಸಿ ಅವರನ್ನೇ ಮುಗಿಸಿ. ಹೈಕೋರ್ಟಿನ ಕಲಾಪವೂ ಯೂಟ್ಯೂಬಿನಲ್ಲಿ ನೋಡಲು ಸಿಗುತ್ತದೆ. ಮಜಾ ಇರುತ್ತದೆ, ಅಂಕ ಬರಲ್ಲ.

ಬಡ ಕುಟುಂಬದ ಮಕ್ಕಳಿಗೆ, ಅಂಗವಿಕಲರಿಗೆ, ಹಳ್ಳಿ ಶಾಲೆಯವರಿಗೆ ಐಡಿಐಎ ಅನ್ನುವ ಸಂಸ್ಥೆ ಗೊತ್ತಿರಬೇಕು. ಕಾನೂನು ಪ್ರಾಧ್ಯಾಪಕ ಶಮ್ನಾದ್ ಬಶೀರ್ 2010ರಲ್ಲಿ ಶುರುಮಾಡಿದ್ದು. ಆಯ್ಕೆಯಾದ ವಿದ್ಯಾರ್ಥಿಗಳಿಗೆ ಪುಕ್ಕಟೆ ತರಬೇತಿ ಕೊಡುತ್ತದೆ, ಸೀಟು ಸಿಕ್ಕ ಮೇಲೂ ನೆರವಾಗುತ್ತದೆ. ಲಾ ಕಾಲೇಜಿನ ವಿದ್ಯಾರ್ಥಿಗಳೇ ಸ್ವಯಂಸೇವಕರು. ಕರ್ನಾಟಕದಲ್ಲೂ ಅದರ ಶಾಖೆ ಇದೆ. ಪಿಯುಸಿ ಮೊದಲ ವರ್ಷದಲ್ಲೇ ವಿಚಾರಿಸಿ, ಕೊನೆ ಗಳಿಗೆಯಲ್ಲಿ ಅಲ್ಲ.

ಅದರ ಮೇಲೆ ಮಾಕ್ ಟೆಸ್ಟ್ ಸರಣಿ. ಒಂದೇ ಒಂದಕ್ಕೆ ರೊಕ್ಕ ಖರ್ಚು ಮಾಡುತ್ತೇನೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಪೂರ್ತಿ ಕೋರ್ಸಿನ ಫೀಗೆ ಹೋಲಿಸಿದರೆ ಬಹಳ ಕಡಿಮೆ. ಕೊಳ್ಳುವ ಮುಂಚೆ ಅವರ ಪುಕ್ಕಟೆ ಮಾದರಿ ಟೆಸ್ಟ್ ಒಂದನ್ನು ಬರೆದು ನೋಡಿ. ಉತ್ತರದ ಜತೆ ‘ಉಳಿದ ಮೂರು ಆಯ್ಕೆ ಯಾಕೆ ತಪ್ಪು’ ಅಂತ ವಿವರಿಸಿದ್ದಾರಾ? ಬರೀ ಎ, ಬಿ, ಸಿ, ಡಿ ಕೊಟ್ಟಿದ್ದರೆ ಮುಂದೆ ಹೋಗಿ. ಅವರ ಪ್ಯಾಸೇಜು ನಿಜವಾದ ಕ್ಲಾಟ್‌ನಷ್ಟೇ ಉದ್ದ ಇದೆಯಾ ಅಂತಲೂ ನೋಡಿ.

ಇನ್ನೂ ಮೇಲೆ ಆನ್‌ಲೈನ್ ಲೈವ್ ಬ್ಯಾಚು. ಹತ್ತಾರು ಸಾವಿರ. ಅದರ ಮೇಲೆ ಬೆಂಗಳೂರಿನ ಆಫ್‌ಲೈನ್ ಕ್ಲಾಸು, ಪಿಜಿ, ಊಟ, ಓಡಾಟ. ಲಕ್ಷ ದಾಟುವುದು ಸುಲಭ. ಪಿಯುಸಿ ಮುಗಿದ ಮೇಲೆ ಒಂದು ವರ್ಷ ಡ್ರಾಪ್ ತಗೊಂಡು ಬೆಂಗಳೂರಿಗೆ ಹೋಗುವುದಕ್ಕೆ ನನ್ನ ಬೆಂಬಲ ಇಲ್ಲ, ಮೊದಲ ಪ್ರಯತ್ನದಲ್ಲೇ ಸೀಟಿನ ಹತ್ತಿರ ಬಂದವರನ್ನು ಬಿಟ್ಟು.

ಧಾರವಾಡದಲ್ಲಿದ್ದವರಿಗೆ ಇನ್ನೊಂದು ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಸಪ್ತಾಪುರದ ಸುತ್ತ ತಿಂಗಳ ಲೆಕ್ಕದಲ್ಲಿ ಕೂತು ಓದುವ ರೀಡಿಂಗ್ ರೂಮುಗಳಿವೆ. ಕೆಎಎಸ್‌ಗೆ ಓದುವವರ ನಡುವೆ ಕೂತರೆ ಓದದೆ ಇರುವುದು ಕಷ್ಟ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿದೆ. ಗದಗ, ಹಾವೇರಿಯ ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ವೇಗದೂತ ಬಸ್ಸು ಪುಕ್ಕಟೆ. ವಾರಕ್ಕೊಮ್ಮೆ ಬಂದು ಗೆಳತಿಯರ ಜತೆ ಮಾಕ್ ಟೆಸ್ಟ್ ಬರೆದು, ಅಲ್ಲೇ ಚರ್ಚೆ ಮಾಡಿ, ಗಿರ್ಮಿಟ್ ತಿಂದು ಊರಿಗೆ ಹೋಗಬಹುದು.

ಹಂತ 7: ಕ್ಲಾಸಿಗೆ ಸೇರುವುದಾದರೆ ಹೀಗೆ ಕೇಳಿ

ಮಾರ್ಕೆಟಿಂಗ್ ಮಾಡುವವರ ಹತ್ತಿರ ಅಲ್ಲ, ಪಾಠ ಮಾಡುವವರ ಹತ್ತಿರ ಕೇಳಿ. ಕ್ಲಾಟ್‌ಗೆ ಬೇರೆ ಬ್ಯಾಚ್ ಇದೆಯಾ, ಅಥವಾ ಬ್ಯಾಂಕ್ ಪರೀಕ್ಷೆಯ ಹುಡುಗರ ಜತೆ ಕೂರಿಸುತ್ತೀರಾ? ಬ್ಯಾಂಕ್ ರೀಸನಿಂಗಿಗೂ ಕ್ಲಾಟ್‌ನ ಲಾಜಿಕಲ್ ರೀಸನಿಂಗಿಗೂ ಸಂಬಂಧ ಕಡಿಮೆ. ಒಂದು ಬ್ಯಾಚಿಗೆ ಎಷ್ಟು ಜನ? ಡೆಮೊ ಕ್ಲಾಸಿನ ಮೇಷ್ಟ್ರೇ ವರ್ಷವಿಡೀ ಬರುತ್ತಾರಾ? ಹೋದ ವರ್ಷದ ಕ್ಲಾಟ್ ಪೇಪರಿನಿಂದ ನಿಮಗೆ ಕಷ್ಟವಾದ ಒಂದು ಪ್ಯಾಸೇಜು ಒಯ್ದು ಅಲ್ಲೇ ಬಿಡಿಸಿಕೊಡಿ ಅನ್ನಿ. ತಯಾರಿಲ್ಲದೆಯೂ ಬಿಡಿಸಿ ತೋರಿಸಿದರೆ ಅವರು ವಿಷಯ ಬಲ್ಲವರು.

ಗೋಡೆಯ ಮೇಲಿನ ಟಾಪರ್ ಫೋಟೋ ನೋಡಿ ಮರುಳಾಗಬೇಡಿ. ಬರೀ ಮಾಕ್ ಟೆಸ್ಟ್ ಬರೆದವನ ಫೋಟೋ ಕೂಡ ಅಲ್ಲಿರಬಹುದು. 2024ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತಿಗೆ ಮಾರ್ಗಸೂಚಿ ತಂದಿದೆ. ಪಾಸಾದವರ ಲಿಖಿತ ಒಪ್ಪಿಗೆ ಇಲ್ಲದೆ ಫೋಟೋ ಹಾಕುವಂತಿಲ್ಲ. ಅವರು ಯಾವ ಕೋರ್ಸ್, ಎಷ್ಟು ಅವಧಿಯದ್ದು, ಫೀ ಕೊಟ್ಟು ಓದಿದ್ದಾ ಪುಕ್ಕಟೆಯಾ ಅಂತ ಜಾಹೀರಾತಿನಲ್ಲೇ ಹೇಳಬೇಕು. ‘ಇವರು ಯಾವ ಕೋರ್ಸಿನವರ್ರಿ?’ ಅಂತ ಕೇಳಲು ಸಂಕೋಚ ಬೇಡ.

ಫೀ ಕಂತಿನಲ್ಲೇ ಕಟ್ಟಿ. ರಿಯಾಯಿತಿಯ ಆಸೆಗೆ ಪೂರ್ತಿ ಕಟ್ಟಿದವರೇ ಆಮೇಲೆ ಬಾಗಿಲು ಬಾಗಿಲು ಅಲೆಯುತ್ತಾರೆ. ನಡುವೆ ಬಿಟ್ಟರೆ ಎಷ್ಟು ವಾಪಸ್ ಅಂತ ರಸೀದಿಯ ಮೇಲೆ ಬರೆಸಿಕೊಳ್ಳಿ. ಬಿಟ್ಟವರಿಗೆ ಉಳಿದ ಅವಧಿಯ ಫೀಯನ್ನು ಹತ್ತು ದಿನದೊಳಗೆ ವಾಪಸ್ ಕೊಡಬೇಕು ಅಂತ ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ತೋರಿಸಿ ಮಾತಾಡಿ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಹಂತ 8: ಕ್ಯಾಲೆಂಡರು ಮತ್ತು ಉಳಿದ ಖರ್ಚು

ಕ್ಲಾಟ್ ಈಗ ಡಿಸೆಂಬರ್ ಮೊದಲ ವಾರದ ಆಸುಪಾಸು ನಡೆಯುತ್ತದೆ. 2025ರ ಕ್ಲಾಟ್ ನಡೆದದ್ದು 2024ರ ಡಿಸೆಂಬರ್ 1ಕ್ಕೆ, 2026ರದ್ದು 2025ರ ಡಿಸೆಂಬರ್ 7ಕ್ಕೆ. ಅಂದರೆ ದ್ವಿತೀಯ ಪಿಯುಸಿ ಬೋರ್ಡ್ ಪರೀಕ್ಷೆಗಿಂತ ಮೊದಲೇ. ಅರ್ಜಿ ಜುಲೈ-ಆಗಸ್ಟಿನಲ್ಲಿ ಶುರುವಾಗುತ್ತದೆ. ಆದ್ದರಿಂದ ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಓದಿನ ವೇಗಕ್ಕೆ ಕೈಹಾಕಿ. ಮಳೆಗಾಲದಲ್ಲಿ ವಿಷಯವಾರು ಅಭ್ಯಾಸ. ದಸರೆಯಿಂದ ವಾರಕ್ಕೊಂದು ಪೂರ್ತಿ ಮಾಕ್. ವಾರಕ್ಕೆ ನಾಲ್ಕು ಬರೆದು ಒಂದನ್ನೂ ತಿರುಗಿ ನೋಡದವರಿಗಿಂತ, ಒಂದು ಬರೆದು ಎರಡು ದಿನ ಅದನ್ನು ಬಿಡಿಸಿ ನೋಡಿದವರು ಮುಂದೆ ಹೋಗುತ್ತಾರೆ. ಎರಡು ಆಯ್ಕೆ ಖಚಿತವಾಗಿ ತಪ್ಪು ಅಂತ ಗೊತ್ತಾದರೆ ಉಳಿದ ಎರಡರಲ್ಲಿ ಒಂದನ್ನು ಊಹಿಸುವುದು ಲಾಭ, ಕಾಲು ಅಂಕಕ್ಕೆ ಹೆದರಬೇಡಿ.

2026ರ ಕ್ಲಾಟ್‌ಗೆ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ, ಅಂಗವಿಕಲರಿಗೆ 4000 ರೂಪಾಯಿ ಇತ್ತು, ಪರಿಶಿಷ್ಟರು ಮತ್ತು ಬಿಪಿಎಲ್‌ನವರಿಗೆ 3500. ಫಲಿತಾಂಶ ಬಂದ ಮೇಲೆ ಕೌನ್ಸೆಲಿಂಗ್‌ಗೆ ಈಚಿನ ವರ್ಷಗಳಲ್ಲಿ 30 ಸಾವಿರ ಕಟ್ಟಿಸಿಕೊಳ್ಳುತ್ತಿದ್ದಾರೆ, ಮೀಸಲಾತಿಯವರಿಗೆ 20 ಸಾವಿರ. ಬಹಳ ಮನೆಗಳಲ್ಲಿ ಇದು ಗೊತ್ತಿರುವುದಿಲ್ಲ. ಕೊನೆ ದಿನ ಸಾಲಕ್ಕೆ ಓಡುತ್ತಾರೆ. ಕೋಚಿಂಗ್‌ಗೆ ಅಂತ ಇಟ್ಟ ದುಡ್ಡಿನಲ್ಲಿ ಇಷ್ಟನ್ನು ಮೊದಲೇ ತೆಗೆದು ಬ್ಯಾಂಕಿನಲ್ಲಿ ಇಡಿ. ವಾಪಸ್ ನಿಯಮ ಆ ವರ್ಷದ ಪ್ರಕಟಣೆಯಲ್ಲಿ ಓದಿ.

ಬೆಂಗಳೂರಿನ ಲಾ ಸ್ಕೂಲಿನ ಆ ಶೇ 25ರ ಸೀಟಿಗೆ, ಹತ್ತು ವರ್ಷ ಕರ್ನಾಟಕದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆ ಒಂದು ಊರಲ್ಲಿ, ಹೈಸ್ಕೂಲು ಇನ್ನೊಂದು ಊರಲ್ಲಿ ಓದಿದವರು ಜಾಸ್ತಿ. ಹೆಡ್‌ಮಾಸ್ಟರ ಸಹಿ, ಬಿಇಒ ಕಚೇರಿ ಅಂತ ಓಡಾಟ ಬೀಳುತ್ತದೆ. ದೀಪಾವಳಿ ರಜೆಗೆ ಮೊದಲೇ ಶಾಲೆಗೆ ಹೋಗಿ ಅರ್ಜಿ ಕೊಟ್ಟುಬಿಡಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಾಡಕಚೇರಿಗೂ ಅದೇ ವಾರ ಹೋಗಿ ಬನ್ನಿ.